‘ಹಾವ್’: ಒಂದು ಚೀನೀ ಅಕ್ಷರವನ್ನು ಪೂರ್ತಿಯಾಗಿ ಕಲಿಯುವ ಬಗೆ

ಚೀನೀ ಭಾಷೆಯ ಮಾತೆತ್ತಿದೊಡನೆ ‘ಎಷ್ಟು ಅಕ್ಷರ ಕಲಿಯಬೇಕು?’ ಎಂಬ ಪ್ರಶ್ನೆ ಬರುತ್ತದೆ. 2013ರಲ್ಲಿ ಚೀನಾ ಸರ್ಕಾರ ಪ್ರಕಟಿಸಿದ ಪ್ರಮಾಣಿತ ಪಟ್ಟಿಯಲ್ಲಿ 8,105 ಅಕ್ಷರಗಳಿದ್ದು, ನಿತ್ಯಬಳಕೆಗೆ ಬೇಕಾದ ಮೊದಲ ದರ್ಜೆಯಲ್ಲೇ 3,500 ಇವೆ. ಈ ಸಂಖ್ಯೆಗೆ ಹೆದರಿದವರು ದಿನಕ್ಕೆ ಇಪ್ಪತ್ತರಂತೆ ಉರುಹೊಡೆಯಲು ತೊಡಗುತ್ತಾರೆ. ಅಕ್ಷರ ಒಂದು ಕಡೆ, ಅರ್ಥ ಇನ್ನೊಂದು ಕಡೆ ಬರೆದ ಚೀಟಿಗಳನ್ನು ತಿರುವಿಹಾಕುತ್ತಾರೆ. ಹೀಗೆ ಕಲಿತ ಅಕ್ಷರ ಕಣ್ಣಿಗೆ ಗುರುತು ಸಿಗುತ್ತದೆ, ಆದರೆ ವಾಕ್ಯದಲ್ಲಿ ಎದುರಾದಾಗ ಬೇರೆಯೇ ಏನನ್ನೋ ಹೇಳುತ್ತದೆ. ಒಂದು ಅಕ್ಷರ ಗೊತ್ತು ಎನ್ನಬೇಕಾದರೆ ಅದರ ಆಕಾರ, ಉಚ್ಚಾರಣೆ ಮತ್ತು ಅರ್ಥದ ಜೊತೆಗೆ, ಅದು ಯಾವ ಅಕ್ಷರದ ಹಿಂದೆ ಅಥವಾ ಮುಂದೆ ನಿಂತಾಗ ಏನಾಗುತ್ತದೆ ಎಂಬುದೂ ಗೊತ್ತಿರಬೇಕು. ನನ್ನ ಅಭಿಪ್ರಾಯದಲ್ಲಿ ಈ ಕೊನೆಯದೇ ಮುಖ್ಯ, ಮತ್ತು ಅದಕ್ಕೇ ಹೆಚ್ಚಿನ ಸಮಯ ಕೊಡಬೇಕು.

ಇದನ್ನು ಒಂದೇ ಅಕ್ಷರದ ಮೂಲಕ ತೋರಿಸಲು ‘ಒಳ್ಳೆಯದು’ ಎಂಬ ಅರ್ಥದ ‘ಹಾವ್’ ಅಕ್ಷರವನ್ನು ಆರಿಸಿಕೊಂಡಿದ್ದೇನೆ. ಅತಿ ಹೆಚ್ಚು ಬಳಕೆಯಲ್ಲಿರುವ ನೂರು ಅಕ್ಷರಗಳಲ್ಲಿ ಇದೂ ಒಂದು, ಬರೆಯಲು ಸುಲಭ, ಚೀನಾದ ಸರಳೀಕೃತ ಲಿಪಿಯಲ್ಲಿಯೂ ತೈವಾನ್ ಮತ್ತು ಹಾಂಗ್‌ಕಾಂಗ್‌ಗಳ ಸಾಂಪ್ರದಾಯಿಕ ಲಿಪಿಯಲ್ಲಿಯೂ ಇದರ ರೂಪ ಒಂದೇ ಆದ್ದರಿಂದ ಎರಡು ರೂಪ ಕಲಿಯುವ ತೊಂದರೆಯೂ ಇಲ್ಲ.

ಹೆಜ್ಜೆ 1: ಅಕ್ಷರವನ್ನು ಕಣ್ಣ ಮುಂದೆ ತಂದುಕೊಳ್ಳಿ

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಚೀನೀ ಪಿನ್‌ಯಿನ್ ಕೀಬೋರ್ಡ್ ಸೇರಿಸಿಕೊಂಡು ಎಚ್, ಎ, ಓ ಎಂಬ ಮೂರು ರೋಮನ್ ಅಕ್ಷರಗಳನ್ನು ಒತ್ತಿದರೆ, ಮೇಲೆ ಬರುವ ಆಯ್ಕೆಗಳ ಸಾಲಿನಲ್ಲಿ ಸಾಮಾನ್ಯವಾಗಿ ಮೊದಲಿಗೇ ಇದು ಕಾಣಿಸುತ್ತದೆ. ಪಿನ್‌ಯಿನ್ ಎಂದರೆ ಚೀನೀ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ, 1958ರಲ್ಲಿ ಚೀನಾ ಅಂಗೀಕರಿಸಿದ ಪದ್ಧತಿ. ಅಕ್ಷರವನ್ನು ದೊಡ್ಡದು ಮಾಡಿ ನೋಡಿ: ಎಡಕ್ಕೊಂದು, ಬಲಕ್ಕೊಂದು, ಹೀಗೆ ಎರಡು ಭಾಗಗಳು ಅಂಟಿಕೊಂಡಂತೆ ಕಾಣುತ್ತವೆ. ಎಡದ್ದು ‘ಹೆಂಗಸು’ ಎಂಬ ಅರ್ಥದ ಅಕ್ಷರ, ಬಲದ್ದು ‘ಮಗು’ ಎಂಬ ಅರ್ಥದ ಅಕ್ಷರ. ಎರಡೂ ಸ್ವತಂತ್ರವಾಗಿಯೂ ಬಳಕೆಯಲ್ಲಿವೆ.

ಹೆಜ್ಜೆ 2: ಆರು ಗೆರೆಗಳಲ್ಲಿ ಬರೆಯಿರಿ

ಬರೆಯುವ ಅಗತ್ಯ ಈಗ ಯಾರಿಗಿದೆ, ಟೈಪ್ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಮೊದಲ ಐವತ್ತು ಅಕ್ಷರಗಳ ಮಟ್ಟಿಗಾದರೂ ಬರೆದೇ ಕಲಿಯಬೇಕು ಎನ್ನುತ್ತೇನೆ, ಏಕೆಂದರೆ ಗೆರೆಗಳ ಕ್ರಮ ಕೈಗೆ ಕೂತ ಮೇಲೆಯೇ ಒಂದನ್ನೊಂದು ಹೋಲುವ ಅಕ್ಷರಗಳ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಚೀನೀ ಶಾಲಾಮಕ್ಕಳು ಬಳಸುವಂತೆ, ನಡುವೆ ಒಂದು ಅಡ್ಡಗೆರೆ ಮತ್ತು ಒಂದು ಉದ್ದಗೆರೆ ಹಾಯ್ದ ಚೌಕಗಳನ್ನು ಹಾಳೆಯ ಮೇಲೆ ಹಾಕಿಕೊಳ್ಳಿ.

ಮೊದಲನೆಯ ಗೆರೆ ಎಡಭಾಗದ ಮೇಲ್ತುದಿಯಿಂದ ಎಡಕ್ಕೆ ಓರೆಯಾಗಿ ಇಳಿದು, ಪೆನ್ನು ಎತ್ತದೆಯೇ ಬಲಕ್ಕೆ ತಿರುಗಿ ಓರೆಯಾಗಿ ಕೆಳಗಿಳಿದು ನಿಲ್ಲುತ್ತದೆ. ಎರಡನೆಯದು ಅದರ ಬಲಪಕ್ಕದಲ್ಲಿ ಆರಂಭವಾಗಿ, ಬಾಗುತ್ತ ಎಡಕ್ಕಿಳಿದು, ಮೊದಲನೆಯ ಗೆರೆಯ ಬಾಲವನ್ನು ಅಡ್ಡಹಾಯುತ್ತದೆ. ಮೂರನೆಯದು ಎಡದಿಂದ ಬಲಕ್ಕೆ ಸಾಗುವ ಅಡ್ಡಗೆರೆ. ‘ಹೆಂಗಸು’ ಅಕ್ಷರವನ್ನು ಒಂಟಿಯಾಗಿ ಬರೆದಾಗ ಈ ಗೆರೆ ಎರಡೂ ಬದಿಗೆ ಚಾಚಿಕೊಳ್ಳುತ್ತದೆ. ಇಲ್ಲಿ ಮಾತ್ರ ಬಲಭಾಗಕ್ಕೆ ಜಾಗ ಬೇಕಾಗಿರುವುದರಿಂದ ಅದು ತುಸು ಮೇಲೇರುತ್ತ ಎರಡನೆಯ ಗೆರೆಯ ಬಳಿಯೇ ನಿಲ್ಲುತ್ತದೆ. ಹೊಸಬರ ಬರಹದಲ್ಲಿ ಈ ಗೆರೆ ಬಲಭಾಗದೊಳಕ್ಕೆ ನುಗ್ಗಿ ಅಕ್ಷರವನ್ನು ಕೆಡಿಸುವುದೇ ಹೆಚ್ಚು.

ಬಲಭಾಗದಲ್ಲಿ ನಾಲ್ಕನೆಯ ಗೆರೆ ಚಿಕ್ಕ ಅಡ್ಡಗೆರೆಯಾಗಿ ಹೊರಟು ತುದಿಯಲ್ಲಿ ಎಡಕ್ಕೆ ಮುರಿದು ಕೆಳಗಿಳಿಯುತ್ತದೆ. ಅದು ಮುಗಿದಲ್ಲಿಂದ ಐದನೆಯದು ಸ್ವಲ್ಪ ಬಾಗಿ ನೆಟ್ಟಗೆ ಇಳಿದು ಬುಡದಲ್ಲಿ ಎಡಕ್ಕೊಂದು ಕೊಕ್ಕೆ ಹಾಕುತ್ತದೆ. ಆರನೆಯದು ಅದರ ನಡುವನ್ನು ಹಾಯುವ ಅಡ್ಡಗೆರೆ. ಎರಡೂ ಭಾಗಗಳು ಚೌಕದಲ್ಲಿ ಹೆಚ್ಚುಕಡಿಮೆ ಅರ್ಧರ್ಧ ಜಾಗ ಪಡೆಯಬೇಕು.

ಹೆಜ್ಜೆ 3: ಉಚ್ಚಾರಣೆ ಮತ್ತು ಟೋನ್

ಚೀನೀಯಲ್ಲಿ ದನಿಯ ಏರಿಳಿತವೇ, ಅಂದರೆ ಟೋನ್, ಅರ್ಥವನ್ನು ಬದಲಿಸುತ್ತದೆ. ಪ್ರಮಾಣಿತ ಚೀನೀಯಲ್ಲಿ ನಾಲ್ಕು ಟೋನ್‌ಗಳು: 1 ಎತ್ತರದಲ್ಲಿ ಸಮವಾಗಿ ನಿಲ್ಲುವುದು, 2 ಏರುವುದು, 3 ತಗ್ಗಿಗೆ ಇಳಿದು ಮತ್ತೆ ಏಳುವುದು, 4 ಎತ್ತರದಿಂದ ಬೀಳುವುದು. ಇವುಗಳಲ್ಲದೆ ಟೋನ್ ಇಲ್ಲದ ಹಗುರ ಉಚ್ಚಾರಣೆಯೂ ಉಂಟು. ಮುಂದಿನ ಉದಾಹರಣೆಗಳಲ್ಲಿ ಪ್ರತಿ ಉಚ್ಚಾರದ ಮುಂದೆ ಟೋನಿನ ಸಂಖ್ಯೆ ಕೊಟ್ಟಿದ್ದೇನೆ. ಸಂಖ್ಯೆ ಇಲ್ಲದಿದ್ದರೆ ಅದು ಹಗುರವೆಂದು ತಿಳಿಯಬೇಕು. ಕನ್ನಡ ಲಿಪಿಯಲ್ಲಿ ಬರೆದದ್ದು ಸಮೀಪದ ಉಚ್ಚಾರಣೆ ಮಾತ್ರ, ನಿಜವಾದ ದನಿಯನ್ನು ಆನ್‌ಲೈನ್ ನಿಘಂಟಿನಲ್ಲಿ ಕೇಳಿಯೇ ಕಲಿಯಬೇಕು.

ನಮ್ಮ ಅಕ್ಷರದ ಮುಖ್ಯ ಉಚ್ಚಾರಣೆ ಹಾವ್-3. ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವೂ ಒಂದು ಅಡಚಣೆಯೂ ಇದೆ. ಪಿನ್‌ಯಿನ್‌ನಲ್ಲಿ ‘ಬಿ’ ಮತ್ತು ‘ಪಿ’ ಎಂದು ಕಾಣುವ ರೋಮನ್ ಅಕ್ಷರಗಳು ನಿಜವಾಗಿ ಅಲ್ಪಪ್ರಾಣ ‘ಪ’ ಮತ್ತು ಮಹಾಪ್ರಾಣ ‘ಫ’ಗಳಿಗೆ ಹತ್ತಿರ, ಹಾಗೆಯೇ ‘ಡಿ’ ಮತ್ತು ‘ಟಿ’ ಎಂದು ಕಾಣುವವು ‘ತ’ ಮತ್ತು ‘ಥ’ಗಳಿಗೆ. ಇಂಗ್ಲಿಷಿನ ಮೂಲಕ ಕಲಿಯುವುದಕ್ಕಿಂತ ನಮ್ಮ ವರ್ಣಮಾಲೆಯ ಮೂಲಕ ಕಲಿತರೆ ಈ ಭೇದ ಬೇಗ ಹಿಡಿಯುತ್ತದೆ. ಅಡಚಣೆ ಏನೆಂದರೆ, ಹಳೆಯ ಮೈಸೂರಿನ ಕೆಲವು ಆಡುನುಡಿಗಳಲ್ಲಿ ‘ಹಾಲು’ ಎಂಬುದು ‘ಆಲು’ ಆಗುವಂತೆ ಹಕಾರ ಬಿದ್ದುಹೋಗುತ್ತದೆ. ಇಲ್ಲಿ ಅದನ್ನು ಬಿಟ್ಟರೆ ಉಳಿಯುವ ಆವ್-3 ಎಂಬುದಕ್ಕೆ ಚೀನೀಯಲ್ಲಿ ಮೇಲಂಗಿ ಎಂಬ ಅರ್ಥವಿದೆ. ಗಂಟಲಿನ ಹಿಂಭಾಗದಿಂದ ತುಸು ಉಜ್ಜಿದಂತೆ ಹೊರಡುವ ‘ಹ’ ಇಲ್ಲಿ ಬೇಕು.

ಮೂರನೆಯ ಟೋನಿಗೆ ಎರಡು ನಿಯಮಗಳಿವೆ. ಇವನ್ನು ತಿಳಿಯದೆ ಮುಂದೆ ಹೋಗಬಾರದು. ಎರಡು ಮೂರನೆಯ ಟೋನ್‌ಗಳು ಜೊತೆಯಾಗಿ ಬಂದರೆ ಮೊದಲನೆಯದು ಎರಡನೆಯ ಟೋನ್ ಆಗುತ್ತದೆ. ಆದ್ದರಿಂದ ‘ನಮಸ್ಕಾರ’ ಎಂಬರ್ಥದ ನಿ-3 ಹಾವ್-3 ಎಂಬುದನ್ನು ಬರೆಯುವುದು ಹಾಗಾದರೂ ನುಡಿಯುವುದು ನಿ-2 ಹಾವ್-3 ಎಂದು. ಎರಡನೆಯದಾಗಿ, ಬೇರೆ ಟೋನಿಗೆ ಮೊದಲು ಬಂದಾಗ ಮೂರನೆಯ ಟೋನ್ ತಗ್ಗಿನಲ್ಲೇ ಉಳಿಯುತ್ತದೆ, ಮತ್ತೆ ಏಳುವುದಿಲ್ಲ: ‘ಒಳ್ಳೆಯ ಮನುಷ್ಯ’ ಎಂಬ ಹಾವ್-3 ರನ್-2 ಎಂಬಲ್ಲಿ ‘ಹಾವ್’ ಕೆಳಗೇ ನಿಂತು, ಏರುವ ಕೆಲಸವೆಲ್ಲ ‘ರನ್’ನದಾಗುತ್ತದೆ. ಪುಸ್ತಕದಲ್ಲಿ ಬರೆದಂತೆ ಪ್ರತಿ ಸಲವೂ ಇಳಿಸಿ ಏರಿಸಿ ಹೇಳುವವರ ಮಾತು ಜೋಕಾಲಿ ಆಡಿದಂತೆ ಕೇಳಿಸುತ್ತದೆ.

ಹೆಜ್ಜೆ 4: ಹುಟ್ಟಿನ ಕಥೆಯನ್ನು ಎಷ್ಟು ನಂಬಬೇಕು

‘ತಾಯಿ ಮಗುವಿನ ಜೊತೆಯಲ್ಲಿದ್ದರೆ ಒಳ್ಳೆಯದು, ಆದ್ದರಿಂದ ಈ ಅಕ್ಷರ’ ಎಂಬ ವಿವರಣೆ ಎಲ್ಲ ಕಡೆಯೂ ಸಿಗುತ್ತದೆ. ನೆನಪಿಟ್ಟುಕೊಳ್ಳಲು ಅದು ಧಾರಾಳವಾಗಿ ಸಾಕು, ಆದರೆ ಅದನ್ನೇ ಇತಿಹಾಸವೆಂದು ತಿಳಿಯಬಾರದು. ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ಎಂಬ ವಿದ್ವಾಂಸ ರಚಿಸಿದ ಪ್ರಾಚೀನ ನಿಘಂಟು ಈ ಅಕ್ಷರಕ್ಕೆ ಕೊಡುವ ಅರ್ಥ ‘ಚೆಲುವು’ ಎಂದು. ಹೆಂಗಸು ಮತ್ತು ಮಗು ಎಂಬ ಭಾಗಗಳಿಂದ ಆದದ್ದು ಎಂದಷ್ಟೇ ಅದು ಹೇಳುತ್ತದೆ.

ಇನ್ನೂ ಹಿಂದೆ ಹೋದರೆ ವಿಷಯ ಮತ್ತಷ್ಟು ತೊಡಕಾಗುತ್ತದೆ. ಶಾಂಗ್ ರಾಜವಂಶದ ಕಾಲದಲ್ಲಿ ಶಕುನ ಕೇಳಲು ಬಳಸಿದ ಎಲುಬು ಮತ್ತು ಆಮೆಚಿಪ್ಪುಗಳ ಮೇಲಿನ ಬರಹಗಳಲ್ಲಿ ಈ ಅಕ್ಷರ ಸಿಗುತ್ತದೆ. ಅಲ್ಲಿ ಅದು ಪ್ರಸಿದ್ಧವಾಗಿರುವುದು ವೂ ತಿಂಗ್ ಎಂಬ ಅರಸನ ರಾಣಿ ಫೂ ಹಾವ್‌ಳ ಹೆಸರಿನಲ್ಲಿ. ಈಕೆ ಸೇನೆ ನಡೆಸಿದವಳು. ಕಳ್ಳರ ಕೈಗೆ ಸಿಗದೆ ಉಳಿದಿದ್ದ ಈಕೆಯ ಗೋರಿ 1976ರಲ್ಲಿ ಹೆನಾನ್ ಪ್ರಾಂತದ ಆನ್‌ಯಾಂಗ್‌ನಲ್ಲಿ ದೊರೆಯಿತು. ಈ ಹೆಸರಿನಲ್ಲಿರುವ ಅಕ್ಷರಕ್ಕೆ ‘ಒಳ್ಳೆಯದು’ ಎಂಬ ಅರ್ಥವೇ ಇಲ್ಲ, ‘ತ್ಸ’ ಎಂಬ ಕುಲದ ಹೆಸರಿಗೆ ಹೆಂಗಸು ಎಂಬ ಗುರುತು ಸೇರಿಸಿ ಬರೆದದ್ದು ಅದು, ಓದಬೇಕಾದದ್ದೂ ‘ತ್ಸ’ ಎಂದೇ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಎಲ್ಲ ಅಕ್ಷರಗಳನ್ನೂ ಹೀಗೆ ಚಿತ್ರಕಥೆಯಾಗಿ ಒಡೆಯಲು ಹೋಗುವುದು ವ್ಯರ್ಥ. ಚೀನೀ ಅಕ್ಷರಗಳಲ್ಲಿ ಬಹುಪಾಲು ಒಂದು ಭಾಗದಿಂದ ಅರ್ಥದ ಸುಳಿವನ್ನೂ ಇನ್ನೊಂದರಿಂದ ಉಚ್ಚಾರಣೆಯ ಸುಳಿವನ್ನೂ ಕೊಡುವಂಥವು. ‘ಅಮ್ಮ’ ಎಂಬರ್ಥದ ಮಾ-1 ಅಕ್ಷರದಲ್ಲಿ ಹೆಂಗಸಿನ ಪಕ್ಕಕ್ಕೆ ಕುದುರೆ ನಿಂತಿದೆ. ಕುದುರೆಗೆ ಚೀನೀಯಲ್ಲಿ ಮಾ-3 ಎನ್ನುವುದರಿಂದ ಅದು ದನಿಗಾಗಿ ಬಂದದ್ದೇ ಹೊರತು ಅಮ್ಮನಿಗೂ ಕುದುರೆಗೂ ಸಂಬಂಧವೇನೂ ಇಲ್ಲ.

ಹೆಜ್ಜೆ 5: ಸ್ಥಾನ ನೋಡಿ ಅರ್ಥ ಹಿಡಿಯಿರಿ

ಮೊದಲೇ ಹೇಳಿದಂತೆ ಹೆಚ್ಚಿನ ಸಮಯ ಕೊಡಬೇಕಾದದ್ದು ಈ ಹೆಜ್ಜೆಗೆ. ‘ಹಾವ್’ ಎಲ್ಲಿ ನಿಂತಿದೆ ಎಂಬುದನ್ನು ನೋಡದೆ ಅರ್ಥ ಹೇಳಲಾಗದು. ಇಲ್ಲಿ ‘ಹಿಂದೆ’ ಎಂದರೆ ಆ ಪದಕ್ಕಿಂತ ಮೊದಲು, ‘ಮುಂದೆ’ ಎಂದರೆ ಅದರ ನಂತರ ಎಂದು ತಿಳಿಯಿರಿ.

ನಾಮಪದದ ಹಿಂದೆ ನಿಂತರೆ ಅದು ನೇರವಾಗಿ ‘ಒಳ್ಳೆಯ’. ಇಲ್ಲಿ ತೊಡಕಿಲ್ಲ.

ವಾಕ್ಯದ ಕೊನೆಗೆ ಗುಣವನ್ನು ಹೇಳುವಾಗ ಅದರ ಹಿಂದೆ ‘ಬಹಳ’ ಎಂಬರ್ಥದ ಹನ್-3 ಅಕ್ಷರವನ್ನು ಸೇರಿಸುವುದು ವಾಡಿಕೆ: ಥಾ-1 ಹನ್-3 ಹಾವ್-3, ‘ಅವನು ಒಳ್ಳೆಯವನು’. ಇಲ್ಲಿ ‘ಹನ್’ಗೆ ಒತ್ತು ಕೊಡದಿದ್ದರೆ ‘ಬಹಳ’ ಎಂಬ ಅರ್ಥ ಬಹುಮಟ್ಟಿಗೆ ಕರಗಿಹೋಗಿರುತ್ತದೆ. ಅದನ್ನು ಬಿಟ್ಟು ಬರೀ ಥಾ-1 ಹಾವ್-3 ಎಂದರೆ, ‘ಇವರಿಬ್ಬರಲ್ಲಿ ಅವನು ವಾಸಿ’ ಎಂದು ಹೋಲಿಸಿದಂತೆ ಕೇಳುತ್ತದೆ. ಕನ್ನಡದ ‘ಇದೆ’, ‘ಆಗಿದೆ’ಗಳಿಗೆ ಸಮನಾದ ಕ್ರಿಯಾಪದವನ್ನು ಹುಡುಕಿ ಸೇರಿಸುವ ಅಗತ್ಯ ಇಲ್ಲ.

ಕ್ರಿಯಾಪದದ ಹಿಂದೆ ಬಂದಾಗ ಎರಡು ಸಾಧ್ಯತೆ. ಇಂದ್ರಿಯಗಳಿಗೆ ಸಂಬಂಧಿಸಿದ ಕ್ರಿಯೆಯಾದರೆ ಆ ಇಂದ್ರಿಯಕ್ಕೆ ಹಿತವಾದದ್ದು ಎಂದರ್ಥ: ‘ತಿನ್ನು’ ಸೇರಿದರೆ ರುಚಿಯಾದ, ‘ಕುಡಿ’ ಸೇರಿದರೆ ಕುಡಿಯಲು ರುಚಿಯಾದ, ‘ನೋಡು’ ಸೇರಿದ ಹಾವ್-3 ಖಾನ್-4 ಎಂದರೆ ಚಂದದ, ‘ಕೇಳು’ ಸೇರಿದ ಹಾವ್-3 ಥಿಂಗ್-1 ಎಂದರೆ ಕಿವಿಗೆ ಇಂಪಾದ. ಬೇರೆ ಕ್ರಿಯೆಗಳ ಹಿಂದೆ ಬಂದಾಗ ಅದು ‘ಸುಲಭ’ ಎಂಬ ಅರ್ಥ ಕೊಡುತ್ತದೆ. ‘ಕಲಿ’ ಸೇರಿದ ಹಾವ್-3 ಶ್ಯುಎ-2 ಎಂದರೆ ಕಲಿಯಲು ಸುಲಭವಾದದ್ದು. ಒಂದು ಎಚ್ಚರಿಕೆ: ಚಂದ ಎಂಬರ್ಥದ ಹಾವ್-3 ಖಾನ್-4 ಎಂಬುದು ಬೆದರಿಕೆಯಲ್ಲೂ ಬರುತ್ತದೆ. ಯಾವ್-4 ನಿ-3 ಹಾವ್-3 ಖಾನ್-4 ಎಂದರೆ ‘ನಿನ್ನನ್ನು ಚಂದ ಮಾಡುತ್ತೇನೆ’ ಎಂದಲ್ಲ. ನಮ್ಮ ಜಗಳಗಳಲ್ಲಿ ಕೇಳುವ ‘ತೋರಿಸ್ತೀನಿ ನಿನಗೆ’ ಎಂಬುದಕ್ಕೆ ಅದು ಹತ್ತಿರ.

ಕ್ರಿಯಾಪದದ ಮುಂದೆ ಬಂದಾಗ ಅರ್ಥ ಮತ್ತೆ ಬದಲಾಗಿ, ಕೆಲಸ ಸರಿಯಾಗಿ ಮುಗಿದು ಸಿದ್ಧವಾಗಿದೆ ಎಂದಾಗುತ್ತದೆ. ‘ಬರೆ’ ಎಂಬ ಕ್ರಿಯೆಗೆ ಸೇರಿಸಿದ ಶ್ಯೆ-3 ಹಾವ್-3 ಲ ಎಂದರೆ ‘ಬರೆದು ಮುಗಿಸಿದ್ದಾಯಿತು, ಇನ್ನು ಕೊಡಬಹುದು’ ಎಂಬ ಧ್ವನಿ. ಬರೀ ‘ಮುಗಿಯಿತು’ ಎಂದು ಹೇಳಲು ವಾನ್-2 ಎಂಬ ಬೇರೆ ಅಕ್ಷರವಿದೆ. ಅದು ಕೆಲಸ ನಿಂತಿದ್ದನ್ನು ಹೇಳುತ್ತದೆ, ಚೆನ್ನಾಗಿ ಆಯಿತೇ ಎಂಬುದನ್ನು ಹೇಳುವುದಿಲ್ಲ. ಕಾಯಿಲೆಯ ಮಾತು ಬಂದಾಗ ಪಿಂಗ್-4 ಹಾವ್-3 ಲ ಎಂದರೆ ಕಾಯಿಲೆ ವಾಸಿಯಾಯಿತು. ‘ಒಳ್ಳೆಯ ಕಾಯಿಲೆ’ ಎಂದು ಓದಿದವರು ಸ್ಥಾನವನ್ನು ಗಮನಿಸಿಲ್ಲ ಎಂದರ್ಥ.

ಗುಣವಾಚಕದ ಹಿಂದೆ ನಿಂತರೆ ಅದು ‘ಎಷ್ಟೊಂದು’ ಎಂಬ ಉದ್ಗಾರ: ಹಾವ್-3 ಲಂಗ್-3, ‘ಎಂಥ ಚಳಿ!’, ಹಾವ್-3 ತಾ-4, ‘ಎಷ್ಟು ದೊಡ್ಡದು!’. ಇಲ್ಲಿ ಒಳ್ಳೆಯತನದ ಸುಳಿವೇ ಇಲ್ಲ. ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು, ಏಕೆಂದರೆ ‘ಒಳ್ಳೇ ಫಜೀತಿ’, ‘ಒಳ್ಳೇ ಕಾಟ’ ಎನ್ನುವಾಗ ನಾವೂ ಅದೇ ಕೆಲಸ ಮಾಡುತ್ತೇವೆ. ದಕ್ಷಿಣದ ಕ್ಯಾಂಟನೀಸ್‌ನಲ್ಲಂತೂ ‘ಬಹಳ’ ಎನ್ನಲು ದಿನನಿತ್ಯ ಬಳಸುವುದು ಇದೇ ಅಕ್ಷರವನ್ನು.

ಒಂಟಿಯಾಗಿ, ಉತ್ತರದ ರೂಪದಲ್ಲಿ ಬಂದಾಗ ‘ಸರಿ’ ಎಂದರ್ಥ. ಆದರೆ ಅದರ ಬಾಲದಲ್ಲಿ ಬರುವ ಹಗುರ ಅಕ್ಷರ ಮಾತನಾಡುವವರ ಮನಸ್ಸನ್ನು ತೋರಿಸುತ್ತದೆ. ಹಾವ್-3 ತ ಎಂದರೆ ಒಪ್ಪಿಗೆಯ ‘ಆಯಿತು’. ಹಾವ್-3 ಪ ಎಂದರೆ ಹೆಚ್ಚಾಗಿ ‘ಹೂಂ, ಆಗಲಿ ಬಿಡಿ’ ಎಂಬ ಅರೆಮನಸ್ಸು. ಹಾವ್-3 ಲ ಎಂಬುದು ‘ಆಯಿತು, ಮುಗಿಯಿತು’ ಎಂದೂ ಆಗಬಹುದು, ದನಿ ಬಿಗಿಯಾದರೆ ‘ಸಾಕು ಮಾಡು’ ಎಂದೂ ಆಗಬಹುದು. ಕೆಲಸದ ವಿಷಯದಲ್ಲಿ ಚೀನೀಯರೊಡನೆ ಸಂದೇಶ ಕಳಿಸಿಕೊಳ್ಳುವವರು ಇವುಗಳ ವ್ಯತ್ಯಾಸವನ್ನು ಮೊದಲು ಕಲಿಯುವುದು ಒಳಿತು. ಪೀಕಿಂಗ್ ಆಪೆರಾದ ಪ್ರೇಕ್ಷಕರು ಗಾಯನವೋ ವರಸೆಯೋ ಮೆಚ್ಚುಗೆಯಾದಾಗ ಕೂತಲ್ಲಿಂದಲೇ ಕೂಗುವುದೂ ‘ಹಾವ್!’ ಎಂದೇ.

ನಿ-3 ಹಾವ್-3 ಎಂಬ ನಮಸ್ಕಾರದ ಬಗ್ಗೆಯೂ ಒಂದು ಮಾತು. ಅಪರಿಚಿತರಿಗೆ ಅದು ಸರಿ. ಹಿರಿಯರಿಗೆ, ಗೌರವ ತೋರಬೇಕಾದವರಿಗೆ ‘ನೀವು’ ಎಂಬರ್ಥದ ನಿನ್-2 ಬಳಸಿ ನಿನ್-2 ಹಾವ್-3 ಎನ್ನಬೇಕು. ದಿನವೂ ಕಾಣುವ ಆಪ್ತರ ನಡುವೆ ಇದನ್ನು ಬಳಸುವುದು ಕಡಿಮೆ. ಅಲ್ಲಿ, ವಿಶೇಷವಾಗಿ ಹಿಂದಿನ ತಲೆಮಾರಿನವರಲ್ಲಿ, ಕೇಳುವ ಮಾತು ‘ಊಟ ಆಯ್ತಾ?’ ಎಂಬುದೇ. ನಮ್ಮಲ್ಲಿಯಂತೆಯೇ ಅಲ್ಲಿಯೂ ಅದಕ್ಕೆ ಊಟದ ವಿವರವನ್ನು ಉತ್ತರವಾಗಿ ನಿರೀಕ್ಷಿಸುವುದಿಲ್ಲ.

ಹೆಜ್ಜೆ 6: ಎರಡನೆಯ ಓದು

ಇದೇ ಅಕ್ಷರವನ್ನು ಬೀಳುವ ಟೋನಿನಲ್ಲಿ ಹಾವ್-4 ಎಂದು ಓದಿದರೆ ‘ಇಷ್ಟಪಡು’, ‘ಅದರಲ್ಲಿ ಒಲವಿರು’ ಎಂಬ ಕ್ರಿಯಾಪದವಾಗುತ್ತದೆ. ಬರಹದಲ್ಲಿ ಯಾವ ಗುರುತೂ ಇರುವುದಿಲ್ಲ, ಓದುಗರೇ ತಿಳಿಯಬೇಕು. ಈ ಓದು ಹೆಚ್ಚಾಗಿ ಕೆಲವೇ ಜೋಡಿಪದಗಳಿಗೆ ಸೀಮಿತವಾಗಿರುವುದರಿಂದ ಅವನ್ನು ಇಡಿಯಾಗಿ ಕಲಿತುಬಿಡಬಹುದು: ಆಯ್-4 ಹಾವ್-4 ಎಂದರೆ ಹವ್ಯಾಸ, ಹಾವ್-4 ಛಿ-2 ಎಂದರೆ ಕುತೂಹಲ, ಹಾವ್-4 ಖ-4 ಎಂದರೆ ಅತಿಥಿಗಳನ್ನು ಇಷ್ಟಪಡುವ ಗುಣ.

ಕೆಲವು ಜೋಡಿಗಳಿಗೆ ಎರಡೂ ಓದು ಸಾಧ್ಯ. ‘ಕಲಿ’ ಸೇರಿದ ರೂಪ ಹಾವ್-3 ಆದಾಗ ಕಲಿಯಲು ಸುಲಭವಾದದ್ದು, ಹಾವ್-4 ಆದಾಗ ಕಲಿಕೆಯಲ್ಲಿ ಆಸಕ್ತಿಯುಳ್ಳವನು. ‘ವಿಷಯ’ ಎಂಬ ಅಕ್ಷರ ಸೇರಿದರೆ ಮೂರನೆಯ ಟೋನಿನಲ್ಲಿ ಒಳ್ಳೆಯ ಕೆಲಸ, ನಾಲ್ಕನೆಯದರಲ್ಲಿ ಕಂಡವರ ಉಸಾಬರಿಗೆ ಹೋಗುವ ಚಾಳಿ. ನಿರ್ಧರಿಸಲು ಸುಲಭ ಉಪಾಯ ಕರ್ತೃವನ್ನು ನೋಡುವುದು: ಮಾತು ಒಂದು ಭಾಷೆಯ ಬಗ್ಗೆ ಇದ್ದರೆ ‘ಸುಲಭ’, ಒಬ್ಬ ವಿದ್ಯಾರ್ಥಿಯ ಬಗ್ಗೆ ಇದ್ದರೆ ‘ಆಸಕ್ತ’. ಹಳೆಯ ಗ್ರಂಥಭಾಷೆಯಲ್ಲಿ ನಾಲ್ಕನೆಯ ಟೋನಿನ ಓದು ಸ್ವತಂತ್ರ ಕ್ರಿಯಾಪದವಾಗಿಯೂ ಬರುತ್ತದೆ. ಒಂದನ್ನು ತಿಳಿದವನು ಅದನ್ನು ಇಷ್ಟಪಡುವವನಿಗೆ ಸಮನಲ್ಲ, ಇಷ್ಟಪಡುವವನು ಅದರಲ್ಲಿ ಆನಂದಿಸುವವನಿಗೆ ಸಮನಲ್ಲ ಎಂಬ ಕನ್ಫ್ಯೂಷಿಯಸ್‌ನ ಮಾತಿನಲ್ಲಿ ‘ಇಷ್ಟಪಡುವವನು’ ಎಂಬಲ್ಲಿರುವುದು ಇದೇ. ಜಪಾನೀ ಭಾಷೆಯಲ್ಲಿ ‘ಇಷ್ಟ’ ಎಂದು ಹೇಳುವ ‘ಸುಕಿ’ ಪದವನ್ನು ಬರೆಯುವುದೂ ಈ ಅಕ್ಷರದಿಂದಲೇ.

ಹೆಜ್ಜೆ 7: ಊಹೆಗೆ ಸಿಗದ ಜೋಡಿಗಳು

ಬಿಡಿ ಅಕ್ಷರಗಳ ಅರ್ಥ ಕೂಡಿಸಿದರೆ ತಪ್ಪುದಾರಿ ಹಿಡಿಸುವ ಜೋಡಿಗಳನ್ನು ಬೇರೆ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಹಾವ್-3 ಶ್ಯಾಂಗ್-4 ಎಂದರೆ ‘ಹಾಗೆ ಕಾಣುತ್ತದೆ’. ತ್ಸುಯಿ-4 ಹಾವ್-3 ಎಂದರೆ ‘ಅತ್ಯುತ್ತಮ’ ಎಂಬುದರ ಜೊತೆಗೆ ‘ಹೀಗೆ ಮಾಡುವುದು ವಾಸಿ’ ಎಂಬ ಸಲಹೆ. ಚರ್-3 ಹಾವ್-3 ಎಂದರೆ ‘ಬೇರೆ ದಾರಿಯಿಲ್ಲದೆ’; ಇಲ್ಲಿ ಒಳ್ಳೆಯದೇನೂ ನಡೆದಿರುವುದಿಲ್ಲ. ಎಲ್ಲಕ್ಕಿಂತ ವಿಚಿತ್ರವಾದದ್ದು ‘ಸುಲಭ’ ಎಂಬರ್ಥದ ರುಂಗ್-2 ಯಿ-4 ಎಂಬ ಪದದ ಜೊತೆಗಿನ ಬಳಕೆ. ನಡೆದುಹೋದ ಸಂಗತಿಯನ್ನು ಹೇಳುವಾಗ ಅದರ ಹಿಂದೆ ‘ಹಾವ್’ ಸೇರಿಸಿದರೂ, ‘ಹಾವ್’ ಜೊತೆಗೆ ‘ಅಲ್ಲ’ ಎಂಬ ಪು-4 ಸೇರಿಸಿದರೂ, ಎರಡಕ್ಕೂ ಅರ್ಥ ಒಂದೇ: ‘ಬಹಳ ಕಷ್ಟಪಟ್ಟು’. ತರ್ಕ ಹುಡುಕದೆ ಹಾಗೆಯೇ ಒಪ್ಪಿಕೊಳ್ಳುವುದು ಲೇಸು.

ಹೆಜ್ಜೆ 8: ನಿಘಂಟು, ಹೋಲುವ ಅಕ್ಷರಗಳು, ಪರೀಕ್ಷೆ

ಮುದ್ರಿತ ನಿಘಂಟಿನಲ್ಲಿ ಹುಡುಕುವಾಗ ಎಡಭಾಗದ ‘ಹೆಂಗಸು’ ಎಂಬುದೇ ವಿಭಾಗದ ತಲೆಬರಹ. 1716ರ ಕಾಂಗ್‌ಶಿ ನಿಘಂಟಿನ 214 ವಿಭಾಗಗಳಲ್ಲಿ ಅದು 38ನೆಯದು. ವಿಭಾಗಕ್ಕೆ ಹೋಗಿ, ಉಳಿದ ಗೆರೆಗಳು ಮೂರು ಎಂದು ಎಣಿಸಿ, ಆ ಗುಂಪಿನಲ್ಲಿ ನೋಡಿದರೆ ಅಕ್ಷರ ಸಿಗುತ್ತದೆ. ಅದೇ ಪುಟದ ಆಸುಪಾಸಿನಲ್ಲಿ ‘ಅವಳು’ ಎಂಬ ಥಾ-1, ‘ಹಾಲು’ ಎಂಬ ನಾಯ್-3, ‘ಹಾಗೆ’ ಎಂಬ ರು-2 ಕೂಡ ಇರುತ್ತವೆ. ಎಲ್ಲಕ್ಕೂ ಎಡಭಾಗ ಒಂದೇ ಆದ್ದರಿಂದ ವೇಗವಾಗಿ ಓದುವಾಗ ಕಣ್ಣು ತಪ್ಪುವುದು ಇಲ್ಲಿಯೇ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಕೈಯಿಂದ ಬರೆದು ಬಲಭಾಗಗಳನ್ನು ಹೋಲಿಸಿ.

ಅಭ್ಯಾಸಕ್ಕೆ ನೋಟ್‌ಬುಕ್ಕಿನ ಎರಡು ಪುಟ ಸಾಕು. ಐದನೆಯ ಹೆಜ್ಜೆಯ ಪ್ರತಿ ಸ್ಥಾನಕ್ಕೂ ಒಂದೊಂದು ವಾಕ್ಯ ಬರೆಯಿರಿ. ವಾಕ್ಯವನ್ನು ನೀವೇ ಕಟ್ಟುವುದಕ್ಕಿಂತ ಒಳ್ಳೆಯ ನಿಘಂಟಿನ ಉದಾಹರಣೆಯಿಂದ ಎತ್ತಿಕೊಳ್ಳುವುದು ಸುರಕ್ಷಿತ. ಮರುದಿನ ಕನ್ನಡ ಅರ್ಥವನ್ನು ಕೈಯಿಂದ ಮುಚ್ಚಿ, ವಾಕ್ಯವನ್ನು ಜೋರಾಗಿ ಓದಿ, ‘ಹಾವ್’ ಇಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಹೇಳಿ. ಒಂದು ವಾರ ಬಿಟ್ಟು, ನೋಡಿರದ ಚೀನೀ ಬರಹವೊಂದನ್ನು ತೆಗೆದು ಈ ಅಕ್ಷರ ಬಂದ ಕಡೆಯೆಲ್ಲ ಪೆನ್ಸಿಲ್‌ನಿಂದ ಸುತ್ತು ಹಾಕಿ. ಪೂರ್ತಿ ವಾಕ್ಯ ತಿಳಿಯದಿದ್ದರೂ ಹಿಂದೆ ಮುಂದೆ ಇರುವ ಅಕ್ಷರ ನೋಡಿ ಟೋನನ್ನೂ ಅರ್ಥವನ್ನೂ ಊಹಿಸಿ, ಆಮೇಲೆ ನಿಘಂಟಿನಲ್ಲಿ ತಾಳೆ ನೋಡಿ. ಹತ್ತರಲ್ಲಿ ಎಂಟು ಸರಿಯಾದರೆ ಮುಂದಿನ ಅಕ್ಷರಕ್ಕೆ ಹೋಗಬಹುದು.

ಆ ಮುಂದಿನ ಅಕ್ಷರವನ್ನು ಇದೇ ಭಾಗಗಳಿಂದ ಆದವುಗಳಲ್ಲಿ ಆರಿಸಿಕೊಂಡರೆ ಬರೆಯುವ ಶ್ರಮ ಅರ್ಧ ಉಳಿಯುತ್ತದೆ: ಹೆಂಗಸಿನ ಮೇಲೆ ಸೂರು ಹಾಕಿದರೆ ‘ನೆಮ್ಮದಿ’ ಎಂಬ ಆನ್-1, ಮಗುವಿನ ಮೇಲೆ ಅದೇ ಸೂರು ಹಾಕಿದರೆ ‘ಅಕ್ಷರ’ ಎಂಬ ತ್ಸ-4.